ಮಾತಂಗದ ನೆತ್ತಿಯ ಮೇಲೆ

ನಿನ್ನೆ ಮಾತು ಅರ್ಧಕ್ಕೇ ನಿಂತಿತು ನೋಡ್ರಿ. ನಿಮ್ಮ ಮನೆಯಲ್ಲಿ ಕುಕ್ಕರ್ ಕೂಗಿತು, ನಮ್ಮ ಮನೆಗೆ ನಳದ ನೀರು ಬಂತು. ಮಾತಂಗ ಬೆಟ್ಟದ ಮೇಲೆ ಕಲ್ಲಿನ ಮೇಲೆ ಕಲ್ಲಿಟ್ಟು ಬಂದರೆ ಸ್ವಂತ ಮನೆ ಆಗುತ್ತದಂತೆ, ಹೌದೇನು ಅಂತ ಕೇಳಿದ್ದಿರಿ. ಆ ನಂಬಿಕೆ ಹಂಪಿಯಲ್ಲಿ ಇರುವುದಂತೂ ನಿಜ. ಬೆಟ್ಟದ ದಾರಿಯಲ್ಲಿ, ಗುಡಿಯ ಪ್ರಾಕಾರದ ಮೂಲೆಯಲ್ಲಿ, ಹೊಳೆದಂಡೆಯ ಹಾಸುಬಂಡೆಯ ಮೇಲೆ, ನಾಲ್ಕೈದು ಕಲ್ಲಿನ ಪುಟ್ಟ ಪುಟ್ಟ ಗೋಪುರಗಳು ಸಾಲಾಗಿ ನಿಂತಿರುತ್ತವೆ. ಕೆಲವರು ಎರಡು ಅಂತಸ್ತು ಮಾಡುತ್ತಾರೆ, ಕೆಲವರು ಚಪ್ಪಟೆ ಕಲ್ಲು ಹುಡುಕಿ ತಂದು ಮಾಳಿಗೆ ಹಾಕುತ್ತಾರೆ. ಬಾಡಿಗೆ ಮನೆಯಲ್ಲೇ ಅರ್ಧ ಆಯುಷ್ಯ ಕಳೆದ ತಾಯಿಯೊಬ್ಬಳು ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತ ಕೊನೆಯ ಕಲ್ಲು ಇಡುವುದನ್ನು ನೋಡಿದರೆ ಬೇಡಮ್ಮ ಅನ್ನಲು ಬಾಯಿ ಬರುವುದಿಲ್ಲ.

ಆದರೂ ನಾನು ಬೇಡ ಅನ್ನುವವನೇ. ಯಾಕೆ ಅಂತ ಹೇಳುತ್ತೇನೆ, ಇವತ್ತು ನಿಮ್ಮ ಒಲೆಯ ಮೇಲೆ ಏನೂ ಇಲ್ಲ ತಾನೆ?

ಆ ಕಲ್ಲು ಎಲ್ಲಿಂದ ಬಂತು ಅಂತ ಬಗ್ಗಿ ನೋಡಬೇಕು. ಬೆಟ್ಟದ ತುದಿಯಲ್ಲಿ ಮಣ್ಣು ಅನ್ನುವುದು ಹೋಳಿಗೆಯಷ್ಟು ತೆಳು. ಬಂಡೆ ಬಂಡೆಗಳ ಸಂದಿಯಲ್ಲಿ, ಒಂದು ಗೇಣಗಲ ಜಾಗದಲ್ಲಿ, ಎಷ್ಟೋ ವರ್ಷ ಗಾಳಿಗೆ ಬಂದು ಕೂತ ಧೂಳೇ ಮಣ್ಣಾಗಿರುತ್ತದೆ. ಅದನ್ನು ಹಿಡಿದಿಟ್ಟಿರುವುದು ಆ ಬಿಡಿ ಕಲ್ಲುಗಳೇ. ಬೇಸಿಗೆಯಲ್ಲಿ ಒಂದು ಚಪ್ಪಟೆ ಕಲ್ಲು ಎಬ್ಬಿಸಿದರೆ ಅದರಡಿಯಲ್ಲಿ ಇನ್ನೂ ಚೂರು ತಂಪು ಇರುತ್ತದೆ. ಕಡ್ಡಿಯಂಥ ಬಾಲದ ಪುಟ್ಟ ಹಲ್ಲಿ ಓಡುತ್ತದೆ, ಚೇಳು ಕೊಂಡಿ ಎತ್ತುತ್ತದೆ, ಇರುವೆಗಳು ಬಿಳಿ ಮೊಟ್ಟೆ ಕಚ್ಚಿಕೊಂಡು ದಿಕ್ಕಾಪಾಲಾಗುತ್ತವೆ. ಆ ಕಲ್ಲು ಗೋಪುರಕ್ಕೆ ಏರಿತು, ಮುಂದಿನ ಮಳೆಗೆ ಮಣ್ಣು ಇಳಿಯಿತು, ಸಂದಿಯಲ್ಲಿದ್ದ ಹುಲ್ಲಿನ ಬೇರು ಹೊರಗೆ ಬಂತು. ಒಬ್ಬರು ಇಬ್ಬರು ಇಟ್ಟರೆ ಬೆಟ್ಟ ತಾಳಿಕೊಂಡೀತು. ಹಬ್ಬ, ರಜೆ, ಹಂಪಿ ಉತ್ಸವ ಅಂತ ಸಾವಿರ ಸಾವಿರ ಜನ ಬರುತ್ತಾರೆ. ಬಂದವರೆಲ್ಲ ಕೊನೆಗೆ ನಿಲ್ಲುವುದು ಅದೇ ನಾಲ್ಕು ಅಂಕಣದ ಜಾಗದಲ್ಲಿ.

ಇನ್ನೊಂದು ಮಾತು. ಹಂಪಿಯಲ್ಲಿ ಬಿದ್ದ ಕಲ್ಲೆಲ್ಲ ಬರೀ ಕಲ್ಲಲ್ಲ. ಆ ಗೋಪುರಗಳಲ್ಲಿ ಒಂದರಲ್ಲಿ ನಾನು ಕಮಲದ ಎಸಳು ಕೊರೆದ ಅಂಚಿನ ತುಂಡು ನೋಡಿದ್ದೇನೆ, ಇನ್ನೊಂದರಲ್ಲಿ ಹಳೆಯ ಅಗಲವಾದ ಇಟ್ಟಿಗೆಯ ಚೂರು. ಯಾವ ತುಂಡು ಎಲ್ಲಿ ಬಿದ್ದಿತ್ತು ಅನ್ನುವುದರ ಮೇಲೆಯೇ ಅದು ಯಾವ ಗೋಡೆಯದು, ಯಾವ ಸೂರಿನದು ಅಂತ ಪುರಾತತ್ವದವರು ಗುರುತಿಸುವುದು. ಎತ್ತಿ ಇಪ್ಪತ್ತು ಹೆಜ್ಜೆ ಆಚೆ ಇಟ್ಟರೆ ಅದರ ಊರೇ ತಪ್ಪಿತು. ಆ ತಾಯಿಯ ಹರಕೆಯ ಬಗ್ಗೆ ನನ್ನ ತಕರಾರಿಲ್ಲ. ಕೆಳಗೆ ವಿರೂಪಾಕ್ಷ ಇದ್ದಾನೆ, ಪಂಪಾಂಬಿಕೆ ಇದ್ದಾಳೆ, ಶತಮಾನಗಳಿಂದ ಜನರ ಕಷ್ಟ ಕೇಳಿಸಿಕೊಂಡವರು. ಮನೆಯ ಆಸೆಯನ್ನು ಅಲ್ಲಿ ಹೇಳಿಕೊಳ್ಳಲಿ, ಬೆಟ್ಟದ ಕಲ್ಲು ಬೆಟ್ಟದಲ್ಲೇ ಇರಲಿ.

ಮಾತಂಗ ಏನು ದೊಡ್ಡ ಬೆಟ್ಟವೇ? ಅಲ್ಲ. ಹಂಪಿಯ ಗುಡ್ಡಗಳಲ್ಲಿ ಅದೇ ಎತ್ತರ ಅನ್ನುತ್ತಾರೆ, ಆದರೂ ಮುಳ್ಳಯ್ಯನಗಿರಿ, ಕುದುರೆಮುಖ ಹತ್ತಿದವರಿಗೆ ಇದು ಒಂದು ದಿಬ್ಬ. ಸಮಾಧಾನವಾಗಿ ಹತ್ತಿದರೂ ಅರ್ಧ ಮುಕ್ಕಾಲು ಗಂಟೆಯೊಳಗೆ ಮೇಲಿರುತ್ತೀರಿ. ಹಂಪಿ ಬಜಾರಿನ ಮೂಡಣ ತುದಿಯಲ್ಲಿ ಎದುರು ಬಸವಣ್ಣನ ಹತ್ತಿರದಿಂದ ಒಂದು ದಾರಿ. ಕಮಲಾಪುರದ ರಸ್ತೆ ಕಡೆಯಿಂದ ತುರ್ತಾ ಕಾಲುವೆ ದಾಟಿ, ಬಾಳೆ ತೋಟದ ಅಂಚಿನಲ್ಲಿ ಸಾಗಿ ಹತ್ತುವುದು ಇನ್ನೊಂದು. ನನಗೆ ಎರಡನೆಯದೇ ಇಷ್ಟ. ವಿಜಯನಗರದ ಕಾಲದ ಕಾಲುವೆ ಇವತ್ತಿಗೂ ಗದ್ದೆಗೆ ನೀರುಣಿಸುವುದನ್ನು ಕಣ್ಣಾರೆ ನೋಡಿ, ಆ ತಂಪಿನಿಂದ ನೇರ ಬಂಡೆಗೆ ಕಾಲಿಡುವ ಸುಖವೇ ಬೇರೆ. ಮೇಲೆ ವೀರಭದ್ರನ ಗುಡಿ. ಅಲ್ಲಿಂದ ಬಗ್ಗಿದರೆ ಕೆಳಗೆ ಅಚ್ಯುತರಾಯನ ಗುಡಿ ಇಡಿಯಾಗಿ, ನಕ್ಷೆ ಬಿಡಿಸಿಟ್ಟ ಹಾಗೆ ಕಾಣುತ್ತದೆ. ಪಡುವಣಕ್ಕೆ ವಿರೂಪಾಕ್ಷನ ಗೋಪುರ, ಬಡಗಣಕ್ಕೆ ಹೊಳೆ, ಹೊಳೆಯಾಚೆ ಆನೆಗೊಂದಿಯ ಕಡೆ ಸುಣ್ಣ ಬಳಿದ ಅಂಜನಾದ್ರಿ.

ಈ ಬೆಟ್ಟದ ಕತೆ ನಿಮಗೆ ಗೊತ್ತೇ ಇದೆ, ಆದರೆ ಇನ್ನೊಮ್ಮೆ ಈ ದೃಷ್ಟಿಯಿಂದ ಕೇಳ್ರಿ. ವಾಲಿ ದುಂದುಭಿ ಅನ್ನುವ ಕೋಣನ ರೂಪದ ರಕ್ಕಸನನ್ನು ಕೊಂದ. ಕೊಂದವನು ಸುಮ್ಮನಿರದೆ ಹೆಣವನ್ನು ಎತ್ತಿ ಬೀಸಿ ಒಗೆದ. ಅದು ಗಾಳಿಯಲ್ಲಿ ಹಾರಿಹೋಗುವಾಗ ನೆತ್ತರ ಹನಿಗಳು ಮತಂಗ ಮುನಿಯ ಆಶ್ರಮದ ಮೇಲೆ ಬಿದ್ದವು. ತಪೋಭೂಮಿಯನ್ನು ಹೊಲಸು ಮಾಡಿದವನು ಇಲ್ಲಿಗೆ ಕಾಲಿಟ್ಟರೆ ಉಳಿಯಕೂಡದು ಅಂತ ಮುನಿ ಶಾಪ ಕೊಟ್ಟ. ಅದಕ್ಕೇ ಸುಗ್ರೀವ ಅಣ್ಣನಿಗೆ ಹೆದರಿ ಓಡಿಬಂದಾಗ ಅವನಿಗೆ ಈ ಸೀಮೆಯಲ್ಲೇ ನೆಲೆ ಸಿಕ್ಕಿತು, ರಾಮ ಬಂದು ಅವನನ್ನು ಕಂಡದ್ದೂ ಇಲ್ಲೇ. ಇಡೀ ಕಿಷ್ಕಿಂಧೆಯ ಕತೆಯ ಬುಡದಲ್ಲಿ ಒಂದು ಬೆಟ್ಟವನ್ನು ಕೊಳೆ ಮಾಡಿದ ತಪ್ಪು ಕೂತಿದೆ! ಇದನ್ನು ನಾನು ಚಮತ್ಕಾರಕ್ಕೆ ಹೇಳುತ್ತಿಲ್ಲ. ನಮ್ಮ ಹಿರಿಯರು ಈ ಜಾಗದ ಬಗ್ಗೆ ಏನೆಂದುಕೊಂಡಿದ್ದರು ಅನ್ನುವುದು ಅದರಲ್ಲಿ ಸ್ಪಷ್ಟವಾಗಿದೆ.

ವಿಜಯನಗರ ಕಟ್ಟಿದವರೂ ಹಾಗೆಯೇ ಅಂದುಕೊಂಡಿದ್ದರು. ಜಾನ್ ಫ್ರಿಟ್ಜ್, ಜಾರ್ಜ್ ಮಿಷೆಲ್ ಅನ್ನುವ ವಿದ್ವಾಂಸರು 1980ರ ಆಸುಪಾಸಿನಿಂದ ಎರಡು ದಶಕ ಇಲ್ಲಿ ಪ್ರತಿ ಚಳಿಗಾಲ ಬಂದು ಅಳೆದು ನಕ್ಷೆ ಮಾಡಿದರಲ್ಲ, ಅವರು ತೋರಿಸಿಕೊಟ್ಟ ಒಂದು ಸಂಗತಿ ನನ್ನನ್ನು ಬಿಟ್ಟೂಬಿಡದೆ ಕಾಡುತ್ತದೆ. ಅರಮನೆಯ ಆವರಣದಿಂದ ಹಜಾರರಾಮನ ಗುಡಿಯ ಮಗ್ಗುಲಲ್ಲಿ ಹಾದು ಉತ್ತರಕ್ಕೆ ಒಂದು ಗೆರೆ ಎಳೆದರೆ ಅದು ಹೋಗಿ ಮುಟ್ಟುವುದು ಮಾತಂಗದ ತುದಿಯನ್ನೇ. ಹಜಾರರಾಮನ ಗುಡಿಯ ಮುಂದೆ ನಿಂತರೆ ಬಡಗಣಕ್ಕೆ ಮಾತಂಗ, ಈಶಾನ್ಯಕ್ಕೆ ಮಾಲ್ಯವಂತ. ಅರಸನ ಓಲಗ, ದೇವರ ಗುಡಿ, ಓಡಾಡುವ ಬೀದಿ ಎಲ್ಲಕ್ಕೂ ದಿಕ್ಕು ಕೊಟ್ಟದ್ದು ಆ ಪುಟ್ಟ ಬೆಟ್ಟದ ನೆತ್ತಿ. ಮುಂದಿನ ಸಲ ಹಜಾರರಾಮಕ್ಕೆ ಹೋದಾಗ ಗೋಡೆಯ ಮೇಲಿನ ರಾಮಾಯಣದ ಶಿಲ್ಪ ನೋಡಿ ಮುಗಿಸಿ, ಹೊರಗೆ ಬಂದು ಒಂದು ನಿಮಿಷ ಉತ್ತರಕ್ಕೆ ತಿರುಗಿ ನೋಡ್ರಿ.

ಈಗ ಆ ನೆತ್ತಿಯ ಸ್ಥಿತಿ ಹೇಳುತ್ತೇನೆ. ಸೂರ್ಯೋದಯ ನೋಡುವುದಕ್ಕೆ ಬಂದವರು ಗುಡಿಯ ಮಾಳಿಗೆ ಹತ್ತುತ್ತಾರೆ. ಮಾಳಿಗೆಯಿಂದ ಫೋಟೋ ಚೆನ್ನಾಗಿ ಬರುತ್ತದೆ, ಅಷ್ಟೇ ಕಾರಣ. ಆ ಕಾಲದ ಗುಡಿಗಳ ಮಾಳಿಗೆ ಅಂದರೆ ಕಲ್ಲಿನ ಚಪ್ಪಡಿ ಹಾಸಿ, ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ಗಾರೆ ಬಡಿದು ಕೂಡಿಸಿದ ಪದರ. ಮಳೆನೀರು ನಿಲ್ಲದೆ ಇಳಿದು ಹೋಗಲಿ ಅಂತ ಇಳಿಜಾರನ್ನೂ ಕೊಟ್ಟಿರುತ್ತಾರೆ. ಗಾರೆ ಬಿಸಿಲು ತಾಳುತ್ತದೆ, ಮಳೆ ತಾಳುತ್ತದೆ, ಬೂಟಿನ ಹಿಮ್ಮಡಿ ತಾಳುವುದಿಲ್ಲ. ಮೊದಲು ಕೂದಲೆಳೆಯ ಬಿರುಕು. ಆ ಬಿರುಕಿನಲ್ಲಿ ಹಕ್ಕಿ ಉದುರಿಸಿದ ಅರಳಿ ಬೀಜ ಬೀಳುತ್ತದೆ. ಬೇರು ಇಳಿದ ಮೇಲೆ ಚಪ್ಪಡಿ ಜರುಗುತ್ತದೆ, ಚಪ್ಪಡಿ ಜರುಗಿದರೆ ಕೆಳಗಿನ ತೊಲೆಯ ಮೇಲೆ ಭಾರ ಒಂದೇ ಕಡೆ ಬೀಳುತ್ತದೆ. ಹಂಪಿಯಲ್ಲಿ ಬಿದ್ದ ಮಂಟಪಗಳೆಲ್ಲ 1565ರಲ್ಲಿ ಸುಲ್ತಾನರ ಸೈನ್ಯ ಬಂದಾಗಲೇ ಬಿದ್ದವು ಅಂದುಕೊಂಡಿರುತ್ತೇವೆ. ಎಷ್ಟೋ ಬಿದ್ದದ್ದು ನೀರಿಗೆ, ಬೇರಿಗೆ. ಗುಡಿಯ ಮುಂದಿನ ಬಂಡೆಯ ಮೇಲೆ ಕೂತರೂ ಸೂರ್ಯ ಹುಟ್ಟುವುದು ಕಾಣುತ್ತದೆ, ನಾಲ್ಕು ಅಡಿ ತಗ್ಗಿನಿಂದ ಕಂಡರೆ ಅವನೇನು ಚಿಕ್ಕವನಾಗುವುದಿಲ್ಲ.

ಬೆಂಕಿಯದೂ ಹಾಗೆಯೇ. ಚಳಿಗೆ ಅಂತಲೋ ಚಹಾ ಕಾಯಿಸಲು ಅಂತಲೋ ಬಂಡೆಯ ಮೇಲೆ ಬೆಂಕಿ ಹಾಕುತ್ತಾರೆ. ಕಲ್ಲಿಗೇನಾಗುತ್ತದೆ ಅನ್ನಿಸುತ್ತದೆ. ನಮ್ಮ ಹಂಪಿಯ ಗ್ರಾನೈಟ್ ಸುಮಾರು 250 ಕೋಟಿ ವರ್ಷ ಹಳೆಯದು, ಆದರೆ ಅದರೊಳಗಿನ ಬಿಳಿ, ಕೆಂಪು, ಕಪ್ಪು ಕಣಗಳು ಕಾದಾಗ ಒಂದೊಂದೂ ಒಂದೊಂದು ಅಳತೆಯಲ್ಲಿ ಹಿಗ್ಗುತ್ತವೆ. ಮೇಲ್ಪದರ ಕಾದು ಒಳಗೆ ತಣ್ಣಗಿದ್ದರೆ ಚಕ್ಕೆ ಚಕ್ಕೆಯಾಗಿ ಸಿಡಿಯುತ್ತದೆ. ಬೆಂಕಿ ಹಾಕಿದ ಜಾಗದಲ್ಲಿ ಕಪ್ಪು ಮಸಿಯ ಜೊತೆಗೆ ತಟ್ಟೆಯಗಲದ ಚಕ್ಕೆ ಎದ್ದಿರುವುದನ್ನು ಕೈಯಿಂದ ಮುಟ್ಟಿ ನೋಡಬಹುದು. ಪಕ್ಕದಲ್ಲೇ ಹಳೆಯ ಕಲ್ಲುಕುಟಿಗರ ಬೆಣೆ ತೂತುಗಳ ಸಾಲು ಇರುತ್ತದೆ, ನಾಲ್ಕು ಬೆರಳು ಬಿಟ್ಟು ನಾಲ್ಕು ಬೆರಳು ಅಳೆದ ಹಾಗೆ. ಅವರು ಬಂಡೆಯ ನರ ನೋಡಿ, ಎಲ್ಲಿ ಬೇಕೋ ಅಲ್ಲಿ ಮಾತ್ರ ಸೀಳಿದರು.

ದೊಣೆಗಳನ್ನು ನೋಡಿದ್ದೀರಲ್ಲ? ಬಂಡೆಯ ತಗ್ಗಿನಲ್ಲಿ ಮಳೆನೀರು ನಿಲ್ಲುವುದು. ಮುಂಗಾರು ಬಿದ್ದು ವಾರವಾಗುವಷ್ಟರಲ್ಲಿ ಅದರಲ್ಲಿ ಕಪ್ಪೆಮರಿ ತುಂಬಿಕೊಳ್ಳುತ್ತವೆ. ಮುಸಿಯ, ಕೋತಿ, ಪಿಕಳಾರ ಎಲ್ಲಕ್ಕೂ ಅದೇ ನೀರು. ನಮ್ಮದು ಒಣ ಸೀಮೆ, ಬೆಟ್ಟದ ಮೇಲೆ ಬೇರೆ ನೀರೆಲ್ಲಿದೆ? ಅದರಲ್ಲಿ ಗುಟ್ಕಾ ಉಗುಳಿದ್ದು, ಬಿಸ್ಕತ್ತಿನ ಪೊಟ್ಟಣ ತೇಲುತ್ತಿದ್ದದ್ದು ನೋಡಿದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಇನ್ನು ಮೇಲೆ ಶೌಚಕ್ಕೆ ಜಾಗವಿಲ್ಲ, ಜನ ಬಂಡೆಯ ಮರೆಗೆ ಹೋಗುತ್ತಾರೆ, ಮೊದಲ ಮಳೆಗೆ ಅದೆಲ್ಲ ಇಳಿದು ದೊಣೆ ಸೇರುತ್ತದೆ. ಆಸ್ಟ್ರೇಲಿಯಾದ ಉಲುರು ಬಂಡೆಯಲ್ಲಿ ಇದೇ ಆಗಿತ್ತಂತೆ, ಹತ್ತಿದವರ ಹೊಲಸು ಮಳೆಗೆ ಇಳಿದು ಬುಡದ ನೀರಿನ ಗುಂಡಿ ಕೆಡುತ್ತಿತ್ತು. ಆ ಬಂಡೆಯನ್ನು ಪವಿತ್ರ ಅಂತ ನಂಬಿದ ಅನಂಗು ಜನ ವರ್ಷಗಟ್ಟಲೆ ದಯವಿಟ್ಟು ಹತ್ತಬೇಡಿ ಅಂತ ಫಲಕ ಹಾಕಿ ಕೇಳಿಕೊಂಡರು. ಕೊನೆಗೆ 2019ರ ಅಕ್ಟೋಬರ್ 26ರಿಂದ ಹತ್ತುವುದನ್ನೇ ನಿಲ್ಲಿಸಲಾಯಿತು. ಮಾತಂಗಕ್ಕೆ ಹಾಗಾಗುವುದು ನನಗೆ ಬೇಡ. ವೀರಭದ್ರನ ದರ್ಶನಕ್ಕೆ ಜನ ಹತ್ತಲೇಬೇಕು, ಮಕ್ಕಳು ಹತ್ತಬೇಕು. ದಾರಿ ತೆರೆದೇ ಇರಬೇಕಾದರೆ ಹತ್ತುವವರು ಕೆಳಗಡೆಯೇ ಶೌಚ ಮುಗಿಸಿ ಹೊರಡಬೇಕು. ಹೇಳುವುದಕ್ಕೆ ಮುಜುಗರ, ಆದರೆ ಯಾರಾದರೂ ಹೇಳಬೇಕಲ್ಲ.

ಕಾನೂನು ಇಲ್ಲವೇ ಅಂದರೆ ಇದೆ. ಸ್ಮಾರಕಗಳ ರಕ್ಷಣೆಗೆ 1958ರ ಕಾಯ್ದೆ ಇದೆ, 2010ರ ತಿದ್ದುಪಡಿಯ ನಂತರ ಹಾನಿ ಮಾಡಿದವರಿಗೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ. 2019ರ ಆರಂಭದಲ್ಲಿ ಹುಡುಗರು ಕಂಬ ಉರುಳಿಸಿದ ವಿಡಿಯೋ ನಮ್ಮೆಲ್ಲರ ಫೋನಿಗೂ ಬಂದಿತ್ತಲ್ಲ, ಆನೆಲಾಯದ ಹಿಂದಿನ ಗುಡಿಯದು. ಹೊಸಪೇಟೆಯ ನ್ಯಾಯಾಲಯ ಅವರಿಗೆ ತಲಾ 70 ಸಾವಿರ ದಂಡ ಹಾಕಿತು, ಕಂಬವನ್ನು ಅವರ ಕೈಯಿಂದಲೇ ಎತ್ತಿ ನಿಲ್ಲಿಸುವಂತೆ ಮಾಡಿತು. ಆ ಎರಡನೆಯ ಶಿಕ್ಷೆ ನನಗೆ ಬಹಳ ಹಿಡಿಸಿತು. ಉರುಳಿಸಲು ಒಂದು ಕ್ಷಣ ಸಾಕು, ನಿಲ್ಲಿಸಲು ಎಷ್ಟು ಜನ, ಎಷ್ಟು ಹಗ್ಗ, ಎಷ್ಟು ಬೆವರು ಬೇಕು ಅಂತ ಆ ಹುಡುಗರ ತೋಳಿಗೆ ಗೊತ್ತಾಗಿರುತ್ತದೆ. ಆದರೆ ಬಾಟಲಿ ಎಸೆದವರ ಹಿಂದೆ, ಬಂಡೆಗೆ ಹೆಸರು ಗೀಚಿದವರ ಹಿಂದೆ ನ್ಯಾಯಾಲಯ ಹೋಗುವುದು ಆಗದ ಮಾತು. ಅದು ನಾವು ಊರವರ ಕೆಲಸ. ಯುನೆಸ್ಕೊ 1986ರಲ್ಲಿ ಹಂಪಿಯನ್ನು ಪಟ್ಟಿಗೆ ಸೇರಿಸಿತು ಅಂತ ಹೆಮ್ಮೆ ಪಡುತ್ತೇವೆ, 1999ರಿಂದ 2006ರವರೆಗೆ ಅದು ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿತ್ತು ಅನ್ನುವುದನ್ನು ಮರೆತಿದ್ದೇವೆ.

ಮೇಲೊಂದು ಕಸದ ಡಬ್ಬಿ ಇಟ್ಟರೆ ಆಗದೇ ಅಂತ ನಿಮ್ಮ ಮನೆಯವರು ಕೇಳಿದ್ದರು. ಆಗುವುದಿಲ್ರಿ. ಡಬ್ಬಿ ಇಟ್ಟ ಕಡೆ ಕೋತಿ ಬರುತ್ತವೆ, ಉರುಳಿಸಿ ಹರಡುತ್ತವೆ, ತುಂಬಿದ ಡಬ್ಬಿಯನ್ನು ದಿನಾ ಯಾರು ಹೊತ್ತು ಇಳಿಸಬೇಕು? ಕಸ ಹೊತ್ತು ಇಳಿಸುವವರ ಮೊಣಕಾಲೂ ಮೊಣಕಾಲೇ ತಾನೆ. ತಂದವರೇ ಒಯ್ಯುವುದು ಬಿಟ್ಟು ಬೇರೆ ದಾರಿ ಇಲ್ಲ. ಬುಡದಲ್ಲಿ ಒಂದು ಕಟ್ಟೆ ಮಾಡಿ, ಹತ್ತುವವರ ಕೈಯಲ್ಲಿರುವ ಪ್ಲಾಸ್ಟಿಕ್ ಬಾಟಲಿಗೆ ಚೀಟಿ ಅಂಟಿಸಿ ಠೇವಣಿ ತೆಗೆದುಕೊಂಡು, ಇಳಿದು ಬಂದಾಗ ಬಾಟಲಿ ತೋರಿಸಿದರೆ ಹಣ ವಾಪಸು ಕೊಡಬಹುದು. ನೀಲಗಿರಿಯಲ್ಲಿ, ಕೊಡೈಕೆನಾಲಿನಲ್ಲಿ ಪ್ಲಾಸ್ಟಿಕ್ ತಡೆಯಲು ಎಷ್ಟು ಕಟ್ಟುನಿಟ್ಟಿದೆ ನೋಡ್ರಿ. ಮಾತಂಗಕ್ಕೆ ಇರುವುದೇ ಒಂದೆರಡು ದಾರಿ, ಕಾಯುವುದು ಕಷ್ಟವಲ್ಲ. ಬಜಾರಿನ ನಾಲ್ಕು ಹುಡುಗರಿಗೆ ಬೆಳಗಿನ ಕೆಲಸವೂ ಆಗುತ್ತದೆ.

ಬೆಟ್ಟದ ತುದಿ ಕೆಡುವ ಮಾತು ಸಂಡೂರಿನ ಬೆಟ್ಟಗಳಿಗೆ ಬಂದರೆ ನನ್ನ ದನಿಯೇ ಬದಲಾಗುತ್ತದೆ, ನೀವೇ ಅಂದಿದ್ದಿರಿ. ಹಂಪಿಯ ಗುಡ್ಡ ಗ್ರಾನೈಟು, ಅದರ ತುದಿಯನ್ನು ಕೆಡಿಸುವುದು ನಮ್ಮ ಅಜಾಗರೂಕತೆ. ಸಂಡೂರಿನಲ್ಲಿ ಹಾಗಲ್ಲ. ಅಲ್ಲಿ ಗಟ್ಟಿಯಾದ ಕಬ್ಬಿಣದ ಪದರವೇ ಬೆಟ್ಟದ ಏಣು. ಮೆತ್ತನೆಯ ಕಲ್ಲೆಲ್ಲ ಮಳೆಗೆ ಸವೆದು ಹೋದಾಗ ಅದಿರಿನ ಪದರ ಸವೆಯದೆ ಮೇಲುಳಿಯಿತು, ಅದೇ ಶಿಖರವಾಯಿತು. ಹಾಗಾಗಿ ಅದಿರು ಬೇಕೆಂದರೆ ತುದಿಯನ್ನೇ ತೆಗೆಯಬೇಕು. ಎರಡು ಸಾವಿರದ ನಂತರದ ಆ ಹತ್ತು ವರ್ಷ ನಾವು ಹೊಸಪೇಟೆಯವರು ಲಾರಿಗಳ ಸಾಲನ್ನೂ ಕೆಂಪು ಧೂಳನ್ನೂ ಉಂಡೆವು, ಬಟ್ಟೆ ಒಣಗಿಸಿದರೆ ಕೆಂಪು, ಎಲೆ ಮುಟ್ಟಿದರೆ ಕೆಂಪು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿತು. ಮುಂದೆ 2013ರಲ್ಲಿ ಷರತ್ತಿನ ಮೇಲೆ ಮತ್ತೆ ಬಿಟ್ಟಿತು, ವರ್ಷಕ್ಕೆ ಇಷ್ಟೇ ಅಂತ ಮಿತಿ ಹಾಕಿತು. ಗಣಿಯಿಂದ ಹೊಟ್ಟೆ ಹೊರೆದುಕೊಂಡ ಮನೆಗಳು ನಮ್ಮ ಓಣಿಯಲ್ಲೂ ಇವೆ, ಅವರನ್ನು ದೂರುವುದು ನನ್ನ ಉದ್ದೇಶವಲ್ಲ. ಗಿಡ ನೆಟ್ಟು ಇಳಿಜಾರನ್ನು ಹಸಿರು ಮಾಡಬಹುದು, ಅದು ಆಗಲೇಬೇಕು. ಹೋದ ಶಿಖರವನ್ನು ಮಾತ್ರ ಯಾರೂ ತಂದು ಕೂರಿಸಲಾರರು.

ಇನ್ನೂ ಉಳಿದದ್ದು ಬೇಕಾದಷ್ಟಿದೆ, ಅದನ್ನು ನೋಡಿ ಬರಬೇಕು. ಕುಮಾರಸ್ವಾಮಿ ಬೆಟ್ಟದ ಮೇಲೆ ಬಾದಾಮಿ ಚಾಲುಕ್ಯರ ಕಾಲದ ಪಾರ್ವತಿ ಗುಡಿ ಇದೆ, ಆ ಕಾಡಿನ ತಂಪಿನಲ್ಲಿ ಬಳ್ಳಾರಿ ಸೀಮೆಯಲ್ಲಿದ್ದೇವೆ ಅನ್ನುವುದೇ ಮರೆತುಹೋಗುತ್ತದೆ. ರಾಮನದುರ್ಗಕ್ಕೆ ಬಳ್ಳಾರಿಯ ಬಿರುಬಿಸಿಲು ತಾಳದ ಬ್ರಿಟಿಷ್ ಸೈನಿಕರನ್ನು ಚೇತರಿಸಿಕೊಳ್ಳಲು ಕಳಿಸುತ್ತಿದ್ದರು. ಮಳೆ ಹಿಡಿದ ಮೇಲೆ ಮೋಡ ಕೈಗೆಟುಕುವ ಹಾಗೆ ಇಳಿಯುತ್ತದೆ. ನಮ್ಮೂರ ಬಗಲಿನ ಜಂಬುನಾಥನ ಬೆಟ್ಟವಂತೂ ಹೊಸಪೇಟೆಯವರ ಬೆಳಗಿನ ನಡಿಗೆಯ ಬೆಟ್ಟ. ಮೆಟ್ಟಿಲು ಹತ್ತಿ ದೇವರಿಗೆ ಕೈಮುಗಿದು, ಡ್ಯಾಮಿನ ನೀರಿನ ಹರವು ನೋಡಿ ಇಳಿಯುವವರು ದಿನವೂ ಇದ್ದಾರೆ. ಗಣಿಯ ಗಾಯ ಅದರ ಮಗ್ಗುಲಲ್ಲೂ ಇದೆ. ಆದರೂ ಅದನ್ನು ದಿನಾ ಹತ್ತುವ ಜನ ಇರುವತನಕ ನನಗೆ ಅದರ ಬಗ್ಗೆ ಭಯವಿಲ್ಲ, ಯಾಕೆಂದರೆ ಅವರ ಕಣ್ಣಿಗೆ ಒಂದು ಕಲ್ಲು ಜರುಗಿದರೂ ಗೊತ್ತಾಗುತ್ತದೆ. ಮಾತಂಗಕ್ಕೆ ಅಂಥ ದಿನದ ಜನ ಇಲ್ಲ. ಬರುವವರೆಲ್ಲ ಒಮ್ಮೆ ಬಂದು ಹೋಗುವವರು. ನನ್ನ ಕೊರಗು ಇದೇ. ಹೊಸಪೇಟೆ, ಕಮಲಾಪುರ, ಕಂಪ್ಲಿಯವರು ತಿಂಗಳಿಗೊಮ್ಮೆಯಾದರೂ ಹತ್ತಿದರೆ ಆ ತುದಿಗೂ ಗುರುತಿನವರು ಹುಟ್ಟುತ್ತಾರೆ.

ಹಂಪಿಯ ಇನ್ನೊಂದು ಗುಡ್ಡ ಹೇಮಕೂಟವನ್ನಂತೂ ಹತ್ತಿದ್ದೇ ತಿಳಿಯುವುದಿಲ್ಲ, ಏರು ಗೊತ್ತಾಗುವಷ್ಟರಲ್ಲಿ ಮುಗಿದಿರುತ್ತದೆ. ಅಲ್ಲಿರುವ ತ್ರಿಕೂಟ ಗುಡಿಗಳಲ್ಲಿ ಒಂದನ್ನು ಕಂಪಿಲರಾಯ ತನ್ನ ಹೆತ್ತವರ ನೆನಪಿಗೆ ಕಟ್ಟಿಸಿದ್ದು, ವಿಜಯನಗರ ಹುಟ್ಟುವುದಕ್ಕೂ ಮೊದಲು. ಕಂಪ್ಲಿಯ ನಿಮ್ಮ ಬೀಗರಿಗೆ ಇದನ್ನು ತಪ್ಪದೆ ಹೇಳ್ರಿ. ಸಂಜೆ ಅಲ್ಲಿ ಜಾತ್ರೆಯಷ್ಟು ಜನ ಸೇರುತ್ತಾರೆ, ಅದಕ್ಕೇ ನಾನು ಬೆಳಿಗ್ಗೆ ಹೋಗುವುದು.

ನಿಮ್ಮ ಮೊಣಕಾಲು ಇನ್ನೂ ನೋಯುತ್ತಿದೆ ಅಂದಿರಿ, ಮಾತಂಗ ಸದ್ಯಕ್ಕೆ ಬೇಡ. ಒಬ್ಬೊಬ್ಬರೇ ಕತ್ತಲಲ್ಲಿ ಹೋಗುವುದೂ ಬೇಡ, ದರೋಜಿಯ ಕರಡಿಧಾಮ ಕಮಲಾಪುರಕ್ಕೆ ಹತ್ತಿರ, ಕರಡಿ ಚಿರತೆಗಳಿಗೆ ನಮ್ಮ ಗಡಿ ಗೊತ್ತಿಲ್ಲ. ಈ ವಾರ ಮಾಲ್ಯವಂತಕ್ಕೆ ಹೋಗಿ ಬರೋಣ. ಕಮಲಾಪುರದಿಂದ ಕಂಪ್ಲಿಗೆ ಹೋಗುವ ರಸ್ತೆಯಲ್ಲೇ ತಿರುವು ಇದೆ, ಗಾಡಿ ಗುಡಿಯ ಬಾಗಿಲತನಕ ಏರುತ್ತದೆ. ರಾಮ ಮಳೆಗಾಲ ಕಳೆದ ಜಾಗ ಅಂತ ಅಲ್ಲಿ ಎಡೆಬಿಡದೆ ರಾಮಾಯಣ ಪಾರಾಯಣ ನಡೆಯುತ್ತಿರುತ್ತದೆ. ಗುಡಿಯ ಹಿಂದಕ್ಕೆ ಹೋದರೆ ಬಂಡೆ ಸೀಳಿದ ಒಂದು ಬಿರುಕು, ಅದರ ಎರಡೂ ದಡಕ್ಕೆ ಸಾಲು ಸಾಲಾಗಿ ಪುಟ್ಟ ಲಿಂಗ, ಪುಟ್ಟ ನಂದಿ ಕೊರೆದಿದ್ದಾರೆ. ಲಕ್ಷ್ಮಣ ಬಾಣ ಬಿಟ್ಟು ನೀರು ತರಿಸಿದ್ದು ಅಲ್ಲಿಯೇ ಅಂತ ಹೇಳುತ್ತಾರೆ. ಚಪ್ಪಲಿ ಹೊರಗೇ ಬಿಡಬೇಕಾಗುತ್ತದೆ, ಬಂಡೆ ಕಾಯುವ ಮೊದಲು ಹೋಗಬೇಕು. ನಾಡಿದ್ದು ಆರಕ್ಕೆಲ್ಲ ಹೊರಟರೆ ಆದೀತೇ? ನೀರಿಗೆ ಸ್ಟೀಲ್ ಬಾಟಲಿ ನಾನು ತರುತ್ತೇನೆ, ನೀವು ಮಂಡಕ್ಕಿ ಕಟ್ಟಿಕೊಂಡು ಬರ್ರಿ, ಡಬ್ಬಿಯಲ್ಲಿ.